‘ಎಷ್ಟು ದಪ್ಪ ಆಗಿದ್ದೀಯೇ!’: ಒಂದು ಮಾತಿನ ಹಿಂದೆ ಮುಂದೆ

ಶ್ರಾವಣ ಬಂತೆಂದರೆ ಬೆಂಗಳೂರಿನ ಟೈಲರುಗಳಿಗೆ ಬಿಡುವಿರುವುದಿಲ್ಲ. ವರಮಹಾಲಕ್ಷ್ಮಿ ವ್ರತದೊಳಗೆ ರವಿಕೆ ಹೊಲಿದು ಕೊಡಬೇಕು. ಅದು ಮುಗಿಯುವಷ್ಟರಲ್ಲಿ ಗೌರಿ ಹಬ್ಬ, ನಡುವೆ ಒಂದಿಷ್ಟು ಮದುವೆಗಳು. ವಿಜಯನಗರಕ್ಕೆ ಅಂಟಿಕೊಂಡಿರುವ ಮಾರೇನಹಳ್ಳಿಯಂಥ ಬಡಾವಣೆಯಲ್ಲಿ (ಜೆ.ಪಿ. ನಗರದ ಬಳಿಯ ಮಾರೇನಹಳ್ಳಿ ಬೇರೆ) ಇಂಥ ದಿನಗಳ ಸಂಜೆ ಬ್ಲೌಸ್ ಹೊಲಿಯುವ ಅಂಗಡಿಯ ಮುಂದೆ ನಾಲ್ಕು ಜನ ಹೆಂಗಸರು ಕಾಯುತ್ತ ನಿಂತಿರುವುದು ಸಾಮಾನ್ಯ ನೋಟ.

ಅಂಗಡಿಯಾಕೆ ಟೇಪು ಹಿಡಿದು ಅಳೆಯುತ್ತಾಳೆ. ‘ಹೋದ ಸಲಕ್ಕಿಂತ ಎರಡಿಂಚು ಜಾಸ್ತಿ ಇದೆ ಅಕ್ಕಾ’ ಎಂದು ಹೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ರವಿಕೆ ಸರಿಯಾಗಿ ಕೂರಬೇಕಾದರೆ ಆ ಲೆಕ್ಕ ಬೇಕು. ಅಷ್ಟರಲ್ಲಿ ಸಾಲಿನಲ್ಲಿ ನಿಂತಿದ್ದ ಪರಿಚಯದವರೊಬ್ಬರು, ‘ಅಯ್ಯೋ, ಎಷ್ಟು ದಪ್ಪ ಆಗಿದ್ದೀಯೇ! ಯಾವ ಅಂಗಡಿ ಅಕ್ಕಿ ತಿಂತಿದ್ದೀಯ?’ ಎಂದು ನಗುತ್ತಾರೆ. ಉಳಿದವರೂ ನಗುತ್ತಾರೆ. ಅಳತೆ ಕೊಡುತ್ತಿದ್ದಾಕೆಯೂ ನಗಲೇಬೇಕಾಗುತ್ತದೆ. ನಗದಿದ್ದರೆ ‘ತಮಾಷೆಗೆ ಅಂದದ್ದಕ್ಕೇ ಮುಖ ಊದಿಸಿಕೊಂಡಳು’ ಎಂಬ ಇನ್ನೊಂದು ಮಾತು ಕೇಳಬೇಕು.

ಇಂಚುಪಟ್ಟಿ ಹೇಳಿದ್ದೂ ಪರಿಚಯದವರು ಹೇಳಿದ್ದೂ ಮೇಲ್ನೋಟಕ್ಕೆ ಒಂದೇ ಸಂಗತಿ. ಆದರೆ ಮೊದಲನೆಯದರಿಂದ ರವಿಕೆ ಹೊಲಿಯಬಹುದು. ಎರಡನೆಯದರಿಂದ ಏನಾಗುತ್ತದೆ? ಅದನ್ನು ಆಡಿದವರು ಮನೆ ಸೇರುವಷ್ಟರಲ್ಲಿ ಮರೆತಿರುತ್ತಾರೆ. ಕೇಳಿಸಿಕೊಂಡಾಕೆ ಹಬ್ಬದ ದಿನ ಹೋಳಿಗೆಯ ತಟ್ಟೆ ಮುಂದೆ ಬಂದಾಗ ಅದನ್ನು ನೆನೆಯುತ್ತಾಳೆ.

ಮಾತಿಗೆ ಎಷ್ಟೊಂದು ಸಂದರ್ಭ

ನಮ್ಮಲ್ಲಿ ಹೆಣ್ಣಿನ ಮೈಯ ಬಗ್ಗೆ ಮಾತಾಡಲು ವಿಶೇಷ ಸಂದರ್ಭ ಬೇಕಾಗಿಲ್ಲ. ಅರಿಶಿನ ಕುಂಕುಮಕ್ಕೆ ಕರೆದಾಗ, ಬಾಣಂತಿಯನ್ನು ನೋಡಲು ಹೋದಾಗ, ಮದುವೆ ಛತ್ರದಲ್ಲಿ ಊಟದ ಪಂಕ್ತಿಗೆ ಕಾಯುವಾಗ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಸರಿದು ಕೂರುವಾಗ, ಎಲ್ಲೆಡೆಯೂ ಅದು ಸಲೀಸು. ದಪ್ಪಗಿದ್ದರೆ ಡುಮ್ಮಿ, ಗುಂಡಮ್ಮ, ಡ್ರಮ್ಮು, ಆನೆಮರಿ. ತೆಳ್ಳಗಿದ್ದರೆ ಕಡ್ಡಿ, ಒಣಕಲು, ನರಪೇತಲ. ‘ಗಾಳಿ ಬಂದರೆ ಹಾರಿಹೋಗ್ತೀಯ’ ಎಂಬ ಮಾತಂತೂ ಇದ್ದೇ ಇದೆ. ಹಿಂದಿ ಚಿತ್ರಗಳ ಹಾಸ್ಯನಟಿ ಟುನ್‌ಟುನ್ ಹೆಸರು ಅವರ ಚಿತ್ರಗಳನ್ನು ನೋಡದ ಕನ್ನಡದ ಮನೆಗಳಲ್ಲೂ ಒಂದು ಬೈಗುಳವಾಗಿ ಉಳಿದುಬಿಟ್ಟಿದೆ. ಆಕೆಯ ನಿಜವಾದ ಹೆಸರು ಉಮಾದೇವಿ. 1947ರ ‘ದರ್ದ್’ ಚಿತ್ರಕ್ಕೆ ಹಾಡಿ ಹೆಸರು ಗಳಿಸಿದ್ದ ಗಾಯಕಿ. ಆದರೆ ಜನ ನೆನಪಿಟ್ಟುಕೊಂಡದ್ದು ಕಂಠವನ್ನಲ್ಲ, ಗಾತ್ರವನ್ನು.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಈ ಮಾತಿಗೆ ಬೇರೆಯೇ ಬೆಲೆ ಬರುತ್ತದೆ. ಉಪ್ಪಿಟ್ಟು, ಕೇಸರಿಬಾತು ತಿಂದು ಕೈ ತೊಳೆದವರು ಊರಿಗೆ ಹೋಗಿ ‘ಹುಡುಗಿ ಸ್ವಲ್ಪ ದಪ್ಪ ಆಯಿತು’ ಎಂದು ಹೇಳಿ ಕಳಿಸಿದರೆ ಅಲ್ಲಿಗೆ ಆ ಸಂಬಂಧ ಮುಗಿಯಿತು. ಪತ್ರಿಕೆಗಳ ವಧೂವರರ ಅಂಕಣಗಳಲ್ಲಿ ದಶಕಗಳ ಕಾಲ ‘ತೆಳ್ಳಗೆ, ಬೆಳ್ಳಗೆ ಇರುವ ಕನ್ಯೆ ಬೇಕಾಗಿದ್ದಾಳೆ’ ಎಂಬ ಸಾಲು ಅಚ್ಚಾಗುತ್ತ ಬಂದಿದೆ. ವರನ ಸುತ್ತಳತೆಯನ್ನು ತಿಳಿಸುವ ಪದ್ಧತಿ ಅಲ್ಲಿ ಬೆಳೆಯಲಿಲ್ಲ. ಆತನ ಸಂಬಳವನ್ನು ತಿಳಿಸಿದರೆ ಸಾಕಾಗುತ್ತಿತ್ತು.

ಗಂಡಸರನ್ನು ಯಾರೂ ಆಡಿಕೊಳ್ಳುವುದಿಲ್ಲ ಎಂದಲ್ಲ. ಡೊಳ್ಳು ಹೊಟ್ಟೆ, ಬೋಳು ತಲೆಗಳೂ ನಗೆಪಾಟಲಿಗೆ ಈಡಾಗಿವೆ. ರಾಜ್ ಬಿ. ಶೆಟ್ಟಿ ಅವರ ‘ಒಂದು ಮೊಟ್ಟೆಯ ಕಥೆ’ (2017) ಚಿತ್ರದ ವಸ್ತುವೇ ಬೋಳು ತಲೆಯ ಯುವಕನ ಸಂಕಟ. ಆದರೂ ಗಂಡಸಿನ ಹೊಟ್ಟೆಯನ್ನು ‘ಅನುಕೂಲಸ್ಥರ ಲಕ್ಷಣ’ ಎಂದು ಬಿಡುವ ರೂಢಿ ನಮ್ಮಲ್ಲಿದೆ. ಹೆಂಗಸಿನ ಹೊಟ್ಟೆಗೆ ಅಂಥ ರಿಯಾಯಿತಿ ಇಲ್ಲ.

ಬಡವ ಮತ್ತು ಬಡಕಲು

ತೆಳ್ಳಗಿರುವುದೇ ಚೆಂದ ಎಂಬ ಎಣಿಕೆ ಮೊದಲಿನಿಂದ ಇದ್ದದ್ದಲ್ಲ. ಕನ್ನಡದ ಪದಗಳೇ ಇದಕ್ಕೆ ಸಾಕ್ಷಿ. ‘ಬಡವ’ ಮತ್ತು ‘ಬಡಕಲು’ ಎರಡಕ್ಕೂ ಮೂಲ ಒಂದೇ, ‘ಬಡ’ ಎಂಬ ಪದ. ಅದಕ್ಕೆ ಕೃಶ, ದುರ್ಬಲ, ಬಡತನದ ಎಂಬ ಅರ್ಥಗಳೆಲ್ಲ ಇವೆ. ಹಳೆಯ ಬಳಕೆಯಲ್ಲಿ ‘ಬಡವಾದಳು’ ಎಂದರೆ ಹಣ ಕಳೆದುಕೊಂಡಳು ಎಂದೇ ಆಗಬೇಕಿಲ್ಲ, ಮೈ ಸೊರಗಿದಳು ಎಂದೂ ಆಗುತ್ತದೆ. ತೆಳುವಾದ ಮೈಯನ್ನೂ ಬರಿದಾದ ಕಣಜವನ್ನೂ ಈ ಭಾಷೆ ಒಂದೇ ಪದದಲ್ಲಿ ಹಿಡಿದಿಟ್ಟಿತ್ತು.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಧಾತು, ಈಶ್ವರ ಸಂವತ್ಸರಗಳ ಬರ ಎಂದು ಹಳಬರು ನೆನೆಯುತ್ತಿದ್ದ 1876–78ರ ಕ್ಷಾಮ ಮೈಸೂರು ಸಂಸ್ಥಾನವನ್ನು ಬಗ್ಗುಬಡಿಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಸಿವು, ಕಾಲರಾ, ಪ್ಲೇಗು, ಕ್ಷಯಗಳನ್ನು ಕಂಡ ತಲೆಮಾರುಗಳಿಗೆ ತೆಳುವಾದ ಮೈ ಎಂದರೆ ಭಯ. ‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬುದು ಆ ಕಾಲದಲ್ಲಿ ಹೊಗಳಿಕೆ ಮಾತ್ರವಲ್ಲ, ನೆಮ್ಮದಿಯ ನಿಟ್ಟುಸಿರು ಕೂಡ. ಮಗಳು ಗಂಡನ ಮನೆಯಿಂದ ಮೈ ತುಂಬಿಕೊಂಡು ಬಂದರೆ ಅಲ್ಲಿ ಹೊಟ್ಟೆತುಂಬ ಊಟ ಹಾಕುತ್ತಿದ್ದಾರೆ ಎಂದು ತಾಯಿ ಸಮಾಧಾನಪಡುತ್ತಿದ್ದಳು. ಬಾಣಂತಿಗೆ ತುಪ್ಪ, ಅಂಟಿನುಂಡೆ ಕೊಟ್ಟು ಬೆಚ್ಚಗಿಡುವ ಪದ್ಧತಿಯ ಹಿಂದೆಯೂ ಇದ್ದದ್ದು ಅದೇ ಕಾಳಜಿ.

ವಿಚಿತ್ರವೆಂದರೆ ಇಂದಿನ ಬಾಣಂತಿಗೆ ಎರಡೂ ಕಾಲದ ಮಾತುಗಳು ಒಟ್ಟಿಗೇ ಬೀಳುತ್ತವೆ. ಬೆಳಿಗ್ಗೆ ಅಜ್ಜಿ, ‘ಇನ್ನೊಂದು ಚಮಚ ತುಪ್ಪ ಹಾಕಿಕೋ, ಮಗುವಿಗೆ ಹಾಲು ಬೇಕಲ್ಲ’ ಎನ್ನುತ್ತಾರೆ. ಸಂಜೆ ನೋಡಲು ಬಂದ ನೆಂಟರು, ‘ಹೀಗೇ ಬಿಟ್ಟರೆ ಆಮೇಲೆ ಇಳಿಯಲ್ಲ ನೋಡು’ ಎನ್ನುತ್ತಾರೆ.

ಬೇಲೂರಿನ ಕನ್ನಡಿ

ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ 42 ಮದನಿಕೆಯರಿದ್ದಾರೆ. ಶಾಲಾ ಪ್ರವಾಸದಲ್ಲಿ ಮಕ್ಕಳಿಗೆ ಮೊದಲು ತೋರಿಸುವುದು ಕನ್ನಡಿ ಹಿಡಿದು ನಿಂತ ದರ್ಪಣ ಸುಂದರಿಯನ್ನು. ಆಕೆಯ ಮುಖ ದುಂಡು, ತೋಳು ದುಂಡು, ತೊಡೆ ತುಂಬಿದೆ. ಇಂದಿನ ಜಾಹೀರಾತುಗಳ ಲೆಕ್ಕದಲ್ಲಿ ಆಕೆ ‘ಸ್ವಲ್ಪ ಇಳಿಸಬೇಕಾದವಳು’. ಆದರೆ ಒಂಬೈನೂರು ವರ್ಷಗಳಿಂದ ಕನ್ನಡಿಯ ಮುಂದೆ ಸಂಕೋಚವಿಲ್ಲದೆ ನಿಂತಿದ್ದಾಳೆ.

ನಮ್ಮ ಹಳೆಯ ಕಾವ್ಯಗಳಲ್ಲಿ ಸುಂದರಿಯನ್ನು ‘ಗಜಗಮನೆ’ ಎಂದು ಕರೆಯುವುದು ವಾಡಿಕೆ. ಆನೆಯಂತೆ ನಿಧಾನವಾಗಿ, ಗಂಭೀರವಾಗಿ ನಡೆಯುವವಳು ಎಂಬುದು ಅದರ ಅರ್ಥ. ಅದೇ ಆನೆ ಇಂದು ಬಸ್ ನಿಲ್ದಾಣದಲ್ಲಿ ಹುಡುಗಿಯೊಬ್ಬಳನ್ನು ಚುಚ್ಚಲು ಬಳಕೆಯಾಗುತ್ತಿದೆ.

ಹಾಗೆಂದು ಹಳೆಯ ಕಾಲವೆಲ್ಲ ಉದಾರವಾಗಿತ್ತು ಎಂದು ಭಾವಿಸಬೇಕಿಲ್ಲ. ಗಜಗಮನೆಗೆ ಸಿಂಹಕಟಿಯೂ ಇರಬೇಕಿತ್ತು. ‘ಬಡನಡು’, ಅಂದರೆ ಇದೆಯೋ ಇಲ್ಲವೋ ಎನ್ನುವಂಥ ಸಣ್ಣ ಸೊಂಟ, ಕವಿಗಳಿಗೆ ಪ್ರಿಯವಾದ ವರ್ಣನೆ. ಎದೆ, ನಿತಂಬಗಳು ತುಂಬಿರಬೇಕು, ನಡು ಮಾತ್ರ ಬಡವಾಗಿರಬೇಕು ಎಂಬ ಬೇಡಿಕೆಯನ್ನು ಪೂರೈಸುವುದು ಕಲ್ಲಿನಲ್ಲಿ ಸುಲಭ, ರಕ್ತಮಾಂಸದಲ್ಲಿ ಕಷ್ಟ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಅರಮನೆಯನ್ನು ತೊರೆದು ಹೊರಟಾಗ ಆಕೆ ತಿರಸ್ಕರಿಸಿದ್ದು ಮೈಯನ್ನು ನೋಡುವ ಇಂಥ ನೋಟವನ್ನೂ ಹೌದು. ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಆಕೆಯನ್ನು ಮೊದಲು ಪ್ರಶ್ನಿಸಿದ್ದು ಕೂಡ ಮೈಯ ಬಗ್ಗೆಯೇ ಎಂದು ಪರಂಪರೆ ಹೇಳುತ್ತದೆ.

ಒಟ್ಟಿನಲ್ಲಿ ಕಾಲಕಾಲಕ್ಕೆ ಅಳತೆ ಬದಲಾಗಿದೆ. ಹೆಣ್ಣಿನ ಮೈಯನ್ನು ಬಹಿರಂಗವಾಗಿ ಅಳೆಯಬಹುದು ಎಂಬ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ.

ಕ್ರೀಡಾಂಗಣದ ಆ ರಾತ್ರಿ

ಈಗ ನಾವು ಬಳಸುತ್ತಿರುವ ಅಳತೆ ತೀರ ಇತ್ತೀಚಿನದು. 1991ರ ಉದಾರೀಕರಣದ ಬೆನ್ನಿಗೇ ಉಪಗ್ರಹ ವಾಹಿನಿಗಳು ಮನೆಯೊಳಗೆ ಬಂದವು. 1994ರಲ್ಲಿ ಸುಷ್ಮಿತಾ ಸೇನ್ ವಿಶ್ವಸುಂದರಿ ಪಟ್ಟ ಗೆದ್ದರು. ಅದೇ ವರ್ಷ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಮಿಸ್ ವರ್ಲ್ಡ್ ಆದರು. ಎರಡು ವರ್ಷಗಳ ನಂತರ, 1996ರ ನವೆಂಬರ್ 23ರಂದು, ಆ ಸ್ಪರ್ಧೆಯೇ ಬೆಂಗಳೂರಿಗೆ ಬಂತು. ಅಮಿತಾಭ್ ಬಚ್ಚನ್ ಅವರ ಕಂಪೆನಿಯ ವ್ಯವಸ್ಥೆಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಅಂತಿಮ ಸುತ್ತಿನಲ್ಲಿ ಗ್ರೀಸ್‌ನ ಐರೀನ್ ಸ್ಕ್ಲಿವಾ ಗೆದ್ದರು.

ಆ ಸ್ಪರ್ಧೆಯನ್ನು ಮಹಿಳಾ ಸಂಘಟನೆಗಳು, ರೈತ ಸಂಘ, ಎಡಪಂಥೀಯರು, ಬಲಪಂಥೀಯರು ಎಲ್ಲರೂ ಬೇರೆ ಬೇರೆ ಕಾರಣಗಳಿಗಾಗಿ ವಿರೋಧಿಸಿದರು. ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಕ್ಕೆ ಸ್ಥಳಾಂತರಿಸಬೇಕಾಯಿತು. ಸಂಸ್ಕೃತಿ ಹಾಳಾಗುತ್ತದೆಯೇ ಇಲ್ಲವೇ ಎಂಬ ವಾದವೇ ಅಂದು ದೊಡ್ಡದಾಗಿ ಕೇಳಿಸಿತು. ಹೆಣ್ಣಿನ ಮೈಗೆ ಅಂಕ ಕೊಡುವುದು ಮನೆ ಮನೆಯ ಅಭ್ಯಾಸವಾಗಿಬಿಡುತ್ತದೆ ಎಂಬ ಆತಂಕ ಆ ಗದ್ದಲದಲ್ಲಿ ಹಿಂದೆ ಸರಿಯಿತು.

ಆ ಅಳತೆಗೆ ಮಾದರಿಯಾಗಿದ್ದ ಐಶ್ವರ್ಯಾ ಅವರೇ ಮುಂದೆ ಅದಕ್ಕೆ ಸಿಕ್ಕಿಬಿದ್ದರು. 2011ರ ನವೆಂಬರ್‌ನಲ್ಲಿ ಅವರಿಗೆ ಮಗಳು ಹುಟ್ಟಿದಳು. ಅದಾದ ಕೆಲವೇ ತಿಂಗಳಲ್ಲಿ ಅವರ ತೂಕ ಏಕೆ ಇಳಿದಿಲ್ಲ ಎಂಬ ಚರ್ಚೆ ದೇಶದ ಪತ್ರಿಕೆ, ಟೀವಿಗಳಲ್ಲಿ ನಡೆಯಿತು. ಲೋಕವೇ ಸುಂದರಿ ಎಂದು ಕಿರೀಟ ತೊಡಿಸಿದ ಹೆಣ್ಣಿಗೂ ಬಾಣಂತನದ ರಿಯಾಯಿತಿ ಸಿಗಲಿಲ್ಲ.

ಇಂಥ ಬದಲಾವಣೆ ಎಷ್ಟು ಬೇಗ ಆಗಬಲ್ಲದು ಎಂಬುದಕ್ಕೆ ಪೆಸಿಫಿಕ್ ಸಾಗರದ ಫಿಜಿ ದ್ವೀಪದ ಉದಾಹರಣೆ ಪ್ರಸಿದ್ಧವಾಗಿದೆ. ನಮ್ಮ ಹಳಬರಂತೆ ಅಲ್ಲಿಯ ಮೂಲನಿವಾಸಿಗಳಲ್ಲಿಯೂ ಮೈ ತುಂಬಿಕೊಳ್ಳುವುದು ಆರೈಕೆಯ ಗುರುತಾಗಿತ್ತು. 1995ರಲ್ಲಿ ಅಲ್ಲಿಗೆ ಟೆಲಿವಿಷನ್ ಬಂತು. ಹಾರ್ವರ್ಡ್‌ನ ಆನ್ ಬೆಕರ್ ಮತ್ತು ಸಂಗಡಿಗರು ಟೀವಿ ಬಂದ ಹೊಸತರಲ್ಲಿ ಒಮ್ಮೆ, ಮೂರು ವರ್ಷದ ನಂತರ ಇನ್ನೊಮ್ಮೆ ಹೈಸ್ಕೂಲು ವಯಸ್ಸಿನ ಹುಡುಗಿಯರನ್ನು ವಿಚಾರಿಸಿದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. 1998ರಲ್ಲಿ ಅಂಥವರು ನೂರಕ್ಕೆ 11ರಷ್ಟು ಇದ್ದರು.

ರಾಜಾಜಿನಗರದ ಸಾವು

ಮಾರೇನಹಳ್ಳಿಯಿಂದ ಹೆಚ್ಚು ದೂರವಿಲ್ಲದ ರಾಜಾಜಿನಗರದಲ್ಲಿ 2022ರ ಮೇ 16ರಂದು ನಡೆದ ಘಟನೆ ಈ ವಿಷಯವನ್ನು ನಗೆಚಾಟಿಕೆಯ ಮಟ್ಟದಿಂದ ಮೇಲೆತ್ತಿತು. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ನಟಿಸಿದ್ದ ಚೇತನಾ ರಾಜ್ ಅಂದು ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ದಾಖಲಾದರು. ಅದರ ಬಳಿಕ ಉಸಿರಾಟದ ತೊಂದರೆ ಉಲ್ಬಣಿಸಿತು. ಇನ್ನೊಂದು ಆಸ್ಪತ್ರೆಗೆ ಸಾಗಿಸಿದರೂ ಪ್ರಾಣ ಉಳಿಯಲಿಲ್ಲ. ಆಕೆಗೆ 21 ವರ್ಷ. ಶಸ್ತ್ರಚಿಕಿತ್ಸೆಯ ವಿಷಯ ತಮಗೆ ಮೊದಲೇ ತಿಳಿಸಿರಲಿಲ್ಲ, ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದೆ ಎಂದು ತಂದೆ ತಾಯಿ ದೂರಿದರು. ಪೊಲೀಸರು ಪ್ರಕರಣ ದಾಖಲಿಸಿದರು.

ಲೈಪೊಸಕ್ಷನ್ ಎಂದು ಕರೆಯುವ ಈ ಶಸ್ತ್ರಚಿಕಿತ್ಸೆಯಲ್ಲಿ ಚರ್ಮದಡಿ ಔಷಧಿ ಬೆರೆಸಿದ ದ್ರವವನ್ನು ತುಂಬಿ, ಸಣ್ಣ ರಂಧ್ರದ ಮೂಲಕ ಕೊಳವೆ ತೂರಿಸಿ ಕೊಬ್ಬನ್ನು ಹೀರಿ ತೆಗೆಯುತ್ತಾರೆ. 1970ರ ದಶಕದಲ್ಲಿ ಇಟಲಿ ಮತ್ತು ಫ್ರಾನ್ಸ್‌ಗಳಲ್ಲಿ ಇದು ಈಗಿನ ರೂಪ ಪಡೆಯಿತು. ಅದಕ್ಕೂ ಮೊದಲು, 1920ರ ದಶಕದಲ್ಲಿ, ಫ್ರೆಂಚ್ ವೈದ್ಯರೊಬ್ಬರು ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋಗಿ, ಕಾಲು ಕೊಳೆತು ಅದನ್ನೇ ಕತ್ತರಿಸಬೇಕಾಗಿ ಬಂದಿತ್ತು. ಇಂದು ವಿಧಾನ ಬಹಳ ಸುಧಾರಿಸಿದೆ, ತರಬೇತಾದವರ ಕೈಯಲ್ಲಿ ಅಪಾಯ ಕಡಿಮೆ. ಆದರೂ ಅರಿವಳಿಕೆಯ ತೊಂದರೆ, ಶ್ವಾಸಕೋಶದಲ್ಲಿ ನೀರು ತುಂಬುವುದು, ಕೊಬ್ಬಿನ ಕಣಗಳು ರಕ್ತದಲ್ಲಿ ಸೇರಿ ಶ್ವಾಸಕೋಶಕ್ಕೆ ಅಡ್ಡಿಯಾಗುವುದು ಮುಂತಾದ ಗಂಡಾಂತರಗಳು ಇದ್ದೇ ಇವೆ.

ಬಹಳ ಮಂದಿಗೆ ತಿಳಿಯದ ಸಂಗತಿಯೊಂದಿದೆ. ಲೈಪೊಸಕ್ಷನ್ ಸ್ಥೂಲಕಾಯಕ್ಕೆ ಚಿಕಿತ್ಸೆಯೇ ಅಲ್ಲ. ಅದು ಮೈಯ ಒಂದು ಭಾಗದ ಆಕಾರವನ್ನು ತಿದ್ದುವ ವಿಧಾನ. ಅದರಿಂದ ಸಕ್ಕರೆ ಕಾಯಿಲೆ ಇಳಿಯುವುದಿಲ್ಲ, ರಕ್ತದೊತ್ತಡ ತಹಬಂದಿಗೆ ಬರುವುದಿಲ್ಲ. ಅಂದರೆ ಆ ಮೇಜಿನ ಮೇಲೆ ಮಲಗುವವರಲ್ಲಿ ಬಹುಪಾಲು ಜನ ರೋಗಿಗಳಲ್ಲ. ಕನ್ನಡಿಯಲ್ಲಿ ಕಂಡದ್ದನ್ನು ನಾಲ್ಕು ಜನ ಒಪ್ಪಬೇಕು ಎಂಬುದಷ್ಟೇ ಅವರ ಅಗತ್ಯ. ಕ್ಯಾಮೆರಾದ ಮುಂದೆ ದುಡಿಯುವ ಹೆಣ್ಣುಮಕ್ಕಳಿಗೆ ಆ ನಾಲ್ಕು ಜನ ನಾಲ್ಕು ಲಕ್ಷವಾಗುತ್ತಾರೆ.

ಕಿರುತೆರೆ ಬೇರೆ ದಾರಿ ತುಳಿದದ್ದೂ ಉಂಟು. 2017ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಶುರುವಾದ ‘ಬ್ರಹ್ಮಗಂಟು’ ಧಾರಾವಾಹಿಯ ನಾಯಕಿ ದಪ್ಪ ಮೈಯ ಹುಡುಗಿ. ಗೀತಾ ಭಾರತಿ ಭಟ್ ನಟಿಸಿದ ಆ ಪಾತ್ರವನ್ನು ಧಾರಾವಾಹಿಯೊಳಗೆ ‘ಗುಂಡಮ್ಮ’ ಎಂದೇ ಕರೆಯುತ್ತಿದ್ದರು. ದಪ್ಪಗಿದ್ದವಳು ನಾಯಕಿಯ ಗೆಳತಿಯಾಗಿ ಬಂದು ನಗಿಸಿ ಹೋಗುವ ಚೌಕಟ್ಟನ್ನು ಅದು ಮುರಿಯಿತು, ವರ್ಷಗಟ್ಟಲೆ ಓಡಿತು. ಅಡ್ಡಹೆಸರನ್ನು ಮಾತ್ರ ಅದಕ್ಕೂ ಬಿಡಲಾಗಲಿಲ್ಲ.

‘ಆರೋಗ್ಯಕ್ಕೆಂದು ಹೇಳಿದ್ದು’

ಯಾರಾದರೂ ಆಕ್ಷೇಪಿಸಿದಾಗ ಬರುವ ಸಿದ್ಧ ಉತ್ತರ ಇದು: ‘ನಿನ್ನ ಆರೋಗ್ಯಕ್ಕೇ ಹೇಳಿದ್ದು.’ ಈ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಹೆಚ್ಚಿನ ಕೊಬ್ಬಿಗೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಮಂಡಿ ನೋವಿಗೂ ಇರುವ ನಂಟು ಖಚಿತವಾದದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 17 ಮಂದಿಯ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆ ಇದೆ. ರಕ್ತಹೀನತೆ ದಪ್ಪಗಿದ್ದವರಲ್ಲೂ ಇರುತ್ತದೆ, ತೆಳ್ಳಗಿದ್ದವರಲ್ಲೂ ಇರುತ್ತದೆ. ಅರಿಶಿನ ಕುಂಕುಮಕ್ಕೆ ಬಂದವರು ‘ನಿನ್ನ ಹಿಮೋಗ್ಲೋಬಿನ್ ಎಷ್ಟಮ್ಮ?’ ಎಂದು ಕೇಳಿದ್ದುಂಟೇ?

ಇಲ್ಲಿ ಕೇಳಬೇಕಾದ ಪ್ರಶ್ನೆ, ಬರಿಗಣ್ಣಿನಿಂದ ಆರೋಗ್ಯವನ್ನು ಅಳೆಯಲಾಗುತ್ತದೆಯೇ ಎಂಬುದು. ವೈದ್ಯರು ಬಳಸುವ ಸೂತ್ರಕ್ಕೇ ಅನೇಕ ಮಿತಿಗಳಿವೆ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿ.ಎಂ.ಐ. ಸಂಖ್ಯೆಯ ಮೂಲ ಕಲ್ಪನೆ 1830ರ ದಶಕದ್ದು. ಅದನ್ನು ಕೊಟ್ಟಾತ ವೈದ್ಯನಲ್ಲ, ಅಡಾಲ್ಫ್ ಕ್ವೆಟ್ಲೆ ಎಂಬ ಬೆಲ್ಜಿಯಂನ ಖಗೋಳ ವಿಜ್ಞಾನಿ. ಜನಸಮೂಹದ ಸರಾಸರಿಯನ್ನು ತಿಳಿಯುವುದು ಆತನ ಉದ್ದೇಶವಾಗಿತ್ತು, ಒಬ್ಬೊಬ್ಬರ ಆರೋಗ್ಯವನ್ನು ತೀರ್ಮಾನಿಸುವುದಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಇದಕ್ಕೆ ಈಗಿನ ಹೆಸರಿಟ್ಟರು. ಆ ಅಧ್ಯಯನದಲ್ಲಿ ಪರೀಕ್ಷಿಸಿದ್ದು ಐದು ದೇಶಗಳ ಸುಮಾರು 7,400 ಜನರನ್ನು. ಎಲ್ಲರೂ ಗಂಡಸರು.

155 ಸೆಂಟಿಮೀಟರ್ ಎತ್ತರ, 59 ಕಿಲೋ ತೂಕದ ಮಹಿಳೆಯ ಬಿ.ಎಂ.ಐ. ಸುಮಾರು 24.6. ಅಂತಾರಾಷ್ಟ್ರೀಯ ಲೆಕ್ಕದಲ್ಲಿ 25ರವರೆಗೆ ಸಹಜ, ಹಾಗಾಗಿ ಆಕೆಯ ತೂಕ ಸರಿಯಾಗಿದೆ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ಇಲ್ಲಿಯ ತಜ್ಞರು 23ನ್ನೇ ಎಲ್ಲೆಯಾಗಿ ಇಟ್ಟುಕೊಂಡಿದ್ದಾರೆ. ಆ ಲೆಕ್ಕದಲ್ಲಿ ಅದೇ ಮಹಿಳೆ ಅಧಿಕ ತೂಕದವಳು. ಪಟ್ಟಿ ಬದಲಾದರೆ ತೀರ್ಪೂ ಬದಲಾಗುತ್ತದೆ.

ಇದಕ್ಕಿಂತ ಸ್ವಾರಸ್ಯವಾದ ನಿದರ್ಶನ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮ ಮೈಯನ್ನೇ ಅಳೆದುಕೊಂಡರು. ಇಬ್ಬರ ಬಿ.ಎಂ.ಐ. ಒಂದೇ, 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ಮೈಯಲ್ಲಿದ್ದ ಕೊಬ್ಬಿನ ಪ್ರಮಾಣ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಕೊಬ್ಬು ಹೊರಗೆ ಕಾಣದೆ ಒಳಗೆ ಅಂಗಾಂಗಗಳ ಸುತ್ತ ಕೂತಿರಬಹುದು ಎಂಬುದನ್ನು ಇದು ತೋರಿಸಿಕೊಟ್ಟಿತು. ‘ನೀನು ಬಿಡಮ್ಮ, ತೆಳ್ಳಗಿದ್ದೀಯ’ ಎಂದು ಹೊಗಳಿಸಿಕೊಂಡಾಕೆ ಸಕ್ಕರೆ ಪರೀಕ್ಷೆಗೆ ಹೋಗದೆ ಉಳಿಯುವುದು ಇಂಥದೇ ತಪ್ಪು ಭರವಸೆಯಿಂದ.

ದಪ್ಪಗಾಗಲು ಕಾರಣಗಳೂ ಒಂದೆರಡಲ್ಲ. ಥೈರಾಯ್ಡ್ ಗ್ರಂಥಿಯ ಮಂದಗತಿ, ಮುಟ್ಟು ಏರುಪೇರಾಗುವ ಪಿ.ಸಿ.ಒ.ಎಸ್. ತೊಂದರೆ, ಬಸಿರು ಬಾಣಂತನ, ಸ್ಟೀರಾಯ್ಡ್ ಮತ್ತು ಕೆಲವು ಮಾನಸಿಕ ಕಾಯಿಲೆಗಳ ಮಾತ್ರೆಗಳು, ನಿದ್ದೆಗೇಡು, ಅನುವಂಶೀಯತೆ ಎಲ್ಲವೂ ಅದರಲ್ಲಿ ಸೇರಿವೆ. ‘ಏನು ತಿಂತೀಯ?’ ಎಂಬ ಪ್ರಶ್ನೆ ಇವನ್ನೆಲ್ಲ ಬದಿಗೊತ್ತಿ ಹೊಟ್ಟೆಬಾಕತನ ಒಂದನ್ನೇ ಕಾರಣ ಮಾಡುತ್ತದೆ. ಮಾತ್ರೆ ನುಂಗುತ್ತಿರುವಾಕೆ ನಾಲ್ಕು ಜನರೆದುರು ಮಾತ್ರೆಯ ಹೆಸರು ಹೇಳಿ ಸಮಜಾಯಿಷಿ ಕೊಡಬೇಕೇ?

ಹೀಗಳೆದರೆ ನಾಚಿಕೆಯಿಂದಾದರೂ ತೂಕ ಇಳಿಸಿಕೊಳ್ಳುತ್ತಾರೆ ಎಂದು ನಂಬಿದವರಿದ್ದಾರೆ. ಅಮೆರಿಕದಲ್ಲಿ 6 ಸಾವಿರಕ್ಕೂ ಹೆಚ್ಚು ಮಂದಿಯನ್ನು ನಾಲ್ಕು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದಕ್ಕೆ ವಿರುದ್ಧ. ಆರಂಭದಲ್ಲಿ ಸ್ಥೂಲಕಾಯರಲ್ಲದವರ ಪೈಕಿ, ತೂಕದ ಕಾರಣಕ್ಕೆ ತಾರತಮ್ಯ ಉಂಡವರು ಮುಂದೆ ಸ್ಥೂಲಕಾಯರಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ನಮ್ಮ ಬೀದಿಗಳಲ್ಲಿ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಬೆಳಿಗ್ಗೆ ಪಾರ್ಕಿನಲ್ಲಿ ನಡೆಯಲು ಹೊರಟ ದಪ್ಪ ಹೆಂಗಸಿಗೆ ಬೆಂಚಿನ ಮೇಲಿನ ಗುಂಪಿನಿಂದ ನಗು ಕೇಳಿಸಿದರೆ ಮಾರನೆಯ ದಿನ ಆಕೆ ಮನೆಯಲ್ಲೇ ಉಳಿಯುತ್ತಾಳೆ. ಡಾಕ್ಟರ ಬಳಿ ಹೋದರೂ ತೂಕದ ಮಾತೇ ಮೊದಲು ಬರುತ್ತದೆಂಬ ಅಂಜಿಕೆಯಿಂದ ಬೇರೆ ಕಾಯಿಲೆಯನ್ನೂ ಮುಂದೂಡುತ್ತಾಳೆ.

ಕಾನೂನು ಎಲ್ಲಿಯವರೆಗೆ?

ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಸನ್ನೆಗಳು ಶಿಕ್ಷಾರ್ಹ ಎಂದು ಭಾರತೀಯ ದಂಡ ಸಂಹಿತೆಯ 509ನೆಯ ಕಲಂ ಹೇಳುತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 79ನೆಯ ಕಲಂ ಆಗಿದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯಿದೆ 2013ರಿಂದ ಇದೆ. 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್, ಸಹೋದ್ಯೋಗಿ ಮಹಿಳೆಯ ಮೈಕಟ್ಟಿನ ಬಗ್ಗೆ ಆಡಿದ ಮಾತು ಲೈಂಗಿಕ ಕಿರುಕುಳವಾಗಬಲ್ಲದು ಎಂದು ಹೇಳಿ, ತನ್ನ ಮೇಲಿನ ಪ್ರಕರಣ ರದ್ದುಪಡಿಸಬೇಕೆಂಬ ಆರೋಪಿಯ ಕೋರಿಕೆಯನ್ನು ತಿರಸ್ಕರಿಸಿತು. ಮೈಕಟ್ಟು ಚೆನ್ನಾಗಿದೆ ಎಂದದ್ದರಲ್ಲಿ ತಪ್ಪೇನು ಎಂಬುದು ಆತನ ವಾದವಾಗಿತ್ತು. ಹೊಗಳಿಕೆಯ ವೇಷದಲ್ಲಿ ಬಂದರೂ ಅಳೆಯುವ ನೋಟ ಅಳೆಯುವ ನೋಟವೇ ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಆದರೆ ಕಾನೂನು ಕಚೇರಿಯವರೆಗೆ ಬರಬಹುದು, ಅಡುಗೆಮನೆಗೆ ಬರಲಾರದು. ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯಾಕೆ, ಹೆತ್ತ ತಾಯಿಯ ಮೇಲೆ ಯಾರು ದೂರು ಕೊಡುತ್ತಾರೆ? ಅವರೂ ಹುಡುಗಿಯರಾಗಿದ್ದಾಗ ಇದೇ ಮಾತುಗಳನ್ನು ಕೇಳಿ ಬೆಳೆದವರು. ಮಗಳನ್ನು ಹೊರಗಿನವರು ಅನ್ನುವ ಮೊದಲು ತಾನೇ ಅಂದು ಎಚ್ಚರಿಸಬೇಕು ಎಂದು ತಾಯಿಗೆ ಅನಿಸುತ್ತದೆ. ಕಾಳಜಿಯಿಂದ ಹೊರಟ ಮಾತೇ ಮಗಳಿಗೆ ಎಲ್ಲಕ್ಕಿಂತ ಆಳವಾಗಿ ನಾಟುತ್ತದೆ.

ನಿಜವಾಗಿ ಆರೋಗ್ಯದ ಚಿಂತೆ ಇದ್ದವರಿಗೆ ದಾರಿಗಳಿವೆ. ಜೊತೆಯಲ್ಲಿ ವಾಕಿಂಗ್ ಹೋಗಬಹುದು. ಮನೆಗೆಲಸದಲ್ಲಿ ಅರ್ಧ ಹಂಚಿಕೊಂಡು ಆಕೆಗೆ ಒಂದು ಗಂಟೆ ಬಿಡುವು ಮಾಡಿಕೊಡಬಹುದು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದದ್ದನ್ನು ಹಾಳಾಗಬಾರದೆಂದು ತಿನ್ನುವ ಅಭ್ಯಾಸ ಬಿಡಿಸಬಹುದು. ವರ್ಷಕ್ಕೊಮ್ಮೆ ರಕ್ತಪರೀಕ್ಷೆಗೆ ಕರೆದುಕೊಂಡು ಹೋಗಬಹುದು. ಇವುಗಳಲ್ಲಿ ಯಾವುದಕ್ಕೂ ‘ದಪ್ಪ’ ಎಂಬ ಪದ ಬೇಕಾಗುವುದಿಲ್ಲ. ಬಹಳ ದಿನಕ್ಕೆ ಸಿಕ್ಕವರನ್ನು ಮಾತಾಡಿಸಲು ಕನ್ನಡದಲ್ಲಿ ‘ಚೆನ್ನಾಗಿದ್ದೀರಾ?’ ಎಂಬ ಹಳೆಯ ಮಾತಿದೆ. ಅದಕ್ಕೆ ಉತ್ತರ ಹೇಳುವ ಸ್ವಾತಂತ್ರ್ಯ ಕೇಳಿಸಿಕೊಂಡವರಿಗೇ ಇರುತ್ತದೆ.

ರವಿಕೆ ಹೊಲಿಯುವವರಲ್ಲಿ ಒಂದು ಪದ್ಧತಿಯಿದೆ. ಎರಡೂ ಬದಿಗೆ ಒಳಗಡೆ ಒಂದೊಂದು ಇಂಚು ಬಟ್ಟೆ ಬಿಟ್ಟು ಹೊಲಿಯುತ್ತಾರೆ. ಮುಂದೆ ಬಿಗಿಯಾದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಬಹುದು. ಹೆಂಗಸಿನ ಮೈ ಮದುವೆಗೆ ಮೊದಲು ಒಂದು ರೀತಿ, ಹೆರಿಗೆಯ ನಂತರ ಒಂದು ರೀತಿ, ಐವತ್ತು ದಾಟಿದ ಮೇಲೆ ಇನ್ನೊಂದು ರೀತಿ ಇರುತ್ತದೆ ಎಂಬುದು ಅವರಿಗೆ ಗೊತ್ತು. ಮಾರೇನಹಳ್ಳಿಯ ಟೈಲರ್ ಅಂಗಡಿಯಲ್ಲಿ ಅದನ್ನು ಯಾರೂ ದೋಷವೆಂದು ಬರೆದುಕೊಳ್ಳುವುದಿಲ್ಲ. ಹೊಸ ಅಳತೆ ಎಂದು ಬರೆದುಕೊಳ್ಳುತ್ತಾರೆ, ಅಷ್ಟೆ.